ಹೆಸರು ಹೇಳುವವರು

ಅಮ್ಮನ ಪ್ರಾರ್ಥನೆ ಬಲು ಉದ್ದ. ಕಳಸದ ಹತ್ತಿರದ ಎಸ್ಟೇಟೊಂದರಲ್ಲಿ ಅಪ್ಪ ರೈಟರ್ ಆಗಿದ್ದರು. ಆಳುಗಳ ಹಾಜರಿ, ಕಾಫಿಯ ತೂಕ ಎಲ್ಲ ಅವರ ಕೆಲಸ. ಸಂಜೆಯಾದರೆ ಕ್ವಾರ್ಟರ್ಸಿನ ಮುಂದಿನ ಕೋಣೆಯಲ್ಲಿ ನಾವೆಲ್ಲ ಮಂಡಿಯೂರಬೇಕಿತ್ತು. ಕೊಂಕಣಿಯಲ್ಲಿ ತೇರ್ಸ್ ಎನ್ನುವ ಜಪಮಾಲೆ ಮುಗಿದರೂ ನಮಗೆ ಬಿಡುಗಡೆ ಇರಲಿಲ್ಲ. ಆಮೇಲೆ ಅಮ್ಮನ ವಂದನೆ ಶುರುವಾಗುತ್ತಿತ್ತು. ಅವತ್ತು ಯಾರ್ಯಾರಿಂದ ಉಪಕಾರವಾಯಿತೋ ಅವರ ಹೆಸರೆತ್ತಿ ದೇವರಿಗೆ ವಂದನೆ ಹೇಳುವುದು. ಕೈಯೆತ್ತಿದ ಕಡೆ ಬಸ್ ನಿಲ್ಲಿಸಿದ ಡ್ರೈವರ್, ನೀರಿನ ಪೈಪು ಸರಿಮಾಡಿಸಿದ ಪಂಚಾಯಿತಿ ಮೆಂಬರ್, ನಮಗಾಗಿ ಸೀಮೆಎಣ್ಣೆ ಎತ್ತಿಟ್ಟ ಅಂಗಡಿಯವರು. ಅವರೆಲ್ಲರ ದೇವರು ಬೇರೆ ಎಂಬುದನ್ನು ಅಮ್ಮ ಲೆಕ್ಕಕ್ಕೇ ಇಟ್ಟುಕೊಳ್ಳುತ್ತಿರಲಿಲ್ಲ. ಕೊನೆಗೆ ನಮ್ಮ ಮನೆತನದಲ್ಲಿ ತೀರಿಹೋದವರ ಹೆಸರುಗಳು. ಅಷ್ಟರಲ್ಲಿ ನನಗೆ ಮಂಡಿ ಮರಗಟ್ಟಿ ಸಿಟ್ಟು ನೆತ್ತಿಗೇರಿರುತ್ತಿತ್ತು. ಊರಿನ ಉಸಾಬರಿಯೆಲ್ಲ ನನ್ನ ಮಂಡಿಯ ಮೇಲೇ ಯಾಕೆ ಎಂದು ಕೇಳಿ ಒಮ್ಮೆ ಬೈಸಿಕೊಂಡಿದ್ದೆ.

ಎಲ್ಲರಿಗಿಂತ ಹೆಚ್ಚು ಸಲ ಬರುತ್ತಿದ್ದದ್ದು ಲೈನ್‌ಮನ್ ಹೆಸರು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಅವಸರದ ನೆಂಟರ ಹಾಗೆ, ಕೂತರೋ ಇಲ್ಲವೋ ಅನ್ನುವಷ್ಟರಲ್ಲಿ ಎದ್ದು ಹೋಗುತ್ತಿತ್ತು. ಲೈನ್‌ಮನ್ ಹಗ್ಗ ಹೆಗಲಿಗೆ ಹಾಕಿಕೊಂಡು, ಪ್ಲಾಸ್ಟಿಕ್ ಕೊಪ್ಪೆ ಹೊದ್ದು, ಕಾಲಿನ ಜಿಗಣೆ ಕೀಳುತ್ತಾ ಬರುತ್ತಿದ್ದರು. ಅಮ್ಮ ಕೊಟ್ಟ ಕಾಫಿ ಕುಡಿಯುತ್ತಾ, ನಿನ್ನೆ ತಮ್ಮ ಹೆಸರು ಹೇಳಿದರೋ ಇಲ್ಲವೋ ಎಂದು ವಿಚಾರಿಸುತ್ತಿದ್ದರು. ಹೇಳಿದ್ದೆ ಎಂದರೆ, ಅದಕ್ಕೇ ಬೆಳಿಗ್ಗೆ ಕಂಬದಲ್ಲಿ ಕಾಲು ಜಾರಲಿಲ್ಲ ಎಂದು ನಗುತ್ತಿದ್ದರು.

ತೊಂಬತ್ತರ ದಶಕದ ಒಂದು ಸೆಪ್ಟೆಂಬರ್. ನಾನು ಆಗ ಹೈಸ್ಕೂಲಿನಲ್ಲಿದ್ದೆ. ಮರುದಿನ ನಮ್ಮ ತೆನೆ ಹಬ್ಬ. ಇಗರ್ಜಿಯಲ್ಲಿ ಪಾದ್ರಿಯಿಂದ ಆಶೀರ್ವಾದ ಮಾಡಿಸಿದ ಹೊಸ ಭತ್ತದ ಕಾಳನ್ನು ಪುಡಿಮಾಡಿ, ತೆಂಗಿನ ಹಾಲಿನಲ್ಲಿ ಬೆರೆಸಿ ಮನೆಮಂದಿಯೆಲ್ಲ ಒಟ್ಟಿಗೆ ಕುಡಿಯುವ ಹಬ್ಬ ಅದು. ಗಾಳಿಗೆ ತಂತಿ ಹರಿದು ವಾರದಿಂದ ಕರೆಂಟಿರಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದ ಲೈನ್‌ಮನ್ನನ್ನು ಅಮ್ಮನೇ ಕೂಗಿ ನಿಲ್ಲಿಸಿದರು. ನಾಳೆ ಹಬ್ಬ, ಮಿಕ್ಸಿ ಓಡಬೇಕು, ಇವತ್ತು ನಮ್ಮ ಲೈನನ್ನೇ ಮೊದಲು ನೋಡಬಹುದೇ ಎಂದು ಕೇಳಿದರು. ಗುಡ್ಡದ ಮೇಲಿನ ಲೈನು ಮೊದಲು ಮಾಡಬೇಕೆಂದು ಅವರು ಹೊರಟಿದ್ದರು. ಸ್ವಲ್ಪ ಹೊತ್ತು ಗುಡ್ಡ ನೋಡಿದರು.

"ನಿಮ್ಮ ದೇವ್ರ ಹತ್ರ ನನ್ನ ಹೆಸ್ರು ಹೇಳೋರು ನೀವೊಬ್ರೇ ಅಲ್ವಾ, ರೈಟರಮ್ಮ. ನಿಮ್ದೇ ಮೊದ್ಲು ಮಾಡಿ ಹೋಗ್ತೀನಿ" ಎಂದರು.

ಸಂಜೆ ಜಪಮಾಲೆಯ ನಡುವೆ ಬಲ್ಬು ಹತ್ತಿಕೊಂಡಿತು. ನನ್ನ ತಮ್ಮ ಕಿರುಚಿದ, ನಾನು ನಕ್ಕೆ, ಅಪ್ಪ ಇಬ್ಬರನ್ನೂ ಗದರಿಸಿದರು. ವಂದನೆಯಲ್ಲಿ ಮೊದಲ ಹೆಸರೇ ಅವರದು. ಅವರ ಕೈಕಾಲು ಗಟ್ಟಿಯಾಗಿಡು, ಅವರನ್ನು ಸುಖವಾಗಿ ಮನೆಗೆ ಸೇರಿಸು ಎಂದು ಅಮ್ಮ ದೇವರನ್ನು ಕೇಳಿಕೊಂಡರು. ನಾವೆಲ್ಲ ಆಮೆನ್ ಎಂದೆವು.

ಬೆಳಿಗ್ಗೆ ಇಗರ್ಜಿಗೆ ಹೊರಡುವಾಗ ಎಸ್ಟೇಟಿನ ಮೇಸ್ತ್ರಿ ಬಂದು ಸುದ್ದಿ ಹೇಳಿದರು. ನಮ್ಮ ಲೈನು ಮುಗಿಸಿ ಗುಡ್ಡ ಹತ್ತುತ್ತಿದ್ದಾಗ ಸಿಲ್ವರ್ ಓಕ್ ಮರವೊಂದು ಮುರಿದು ಅವರ ಮೇಲೆ ಬಿದ್ದಿತ್ತು. ಮುಸ್ಸಂಜೆಯ ಹೊತ್ತಿನಲ್ಲಿ. ನಾವು ಆಮೆನ್ ಎನ್ನುವಾಗ ಅವರು ಜೀವದಿಂದ ಇದ್ದರೋ ಇಲ್ಲವೋ ಎಂದು ಅಮ್ಮ ಮೇಸ್ತ್ರಿಯನ್ನು ಬಗೆಬಗೆಯಾಗಿ ಕೇಳಿದರು. ಅವರಿಗೇನು ಗೊತ್ತು, ಪಾಪ.

ಕರೆಂಟಿದ್ದರೂ ಅವತ್ತು ಮಿಕ್ಸಿ ಓಡಲಿಲ್ಲ. ಅಪ್ಪ ಎಷ್ಟು ಹೇಳಿದರೂ ಅಮ್ಮ ಮುಂದಿನ ಕೋಣೆಯ ದೀಪ ಹಾಕಗೊಡಲಿಲ್ಲ. ಮೇಣದಬತ್ತಿಯಲ್ಲೇ ಪ್ರಾರ್ಥನೆ ನಡೆಯಿತು. ಜಪಮಾಲೆ ಮುಗಿದ ಕೂಡಲೇ ಅಮ್ಮ ಎದ್ದುಬಿಟ್ಟರು. ವಂದನೆ ಇಲ್ಲ. ಮರುದಿನವೂ ಇಲ್ಲ, ಆಮೇಲೂ ಇಲ್ಲ. ಬೇಗ ಮುಗಿಯಲಿ ಎಂದು ಹಂಬಲಿಸುತ್ತಿದ್ದವಳು ನಾನು. ಈಗ ಬೇಗ ಮುಗಿದರೂ ಮಂಡಿಯೂರಿಯೇ ಇರುತ್ತಿದ್ದೆ. ಮನೆಗೆ ಸೇರಿಸು ಎಂದು ಅಷ್ಟು ಬಾಯಿಬಿಟ್ಟು ಕೇಳಿದ ಹೆಂಗಸಿಗೆ ಇದೇನಾ ಉತ್ತರ ಎಂದು ದೇವರ ಮೇಲೆ ನನಗೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ.

ಮಳೆ ಬಿಟ್ಟ ಮೇಲೆ ಒಂದು ಸಂಜೆ ಲೈನ್‌ಮನ್ನರ ಹೆಂಡತಿ ಬಂದರು. ಅಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತರು. ಬೈಯಲು ಬಂದಿದ್ದಾರೆ ಎಂದೇ ನಾವು ತಿಳಿದೆವು. ಆ ದಿನ ಪ್ರಾರ್ಥನೆಯಲ್ಲಿ ಅವರನ್ನು ನೆನೆದಿರಾ ಎಂದಷ್ಟೇ ಆಕೆ ಕೇಳಿದರು. ಅಮ್ಮ ಹೌದೆಂದು ತಲೆಯಾಡಿಸಿದರು. ನಾನೇ ಅವರನ್ನು ತಡೆದು ನಿಲ್ಲಿಸಿದ್ದು, ನಮ್ಮದೇ ಮೊದಲು ಮಾಡಿ ಎಂದು ಕೇಳಿದ್ದು ಎಂದು ಹೇಳಿ ಅಳತೊಡಗಿದರು. ಆ ಹೆಂಗಸು ಮೆಟ್ಟಿಲ ಮೇಲೆ ಕೂತರು.

"ಹೆಸ್ರು ಹಿಡಿದು ಕರೀತಿದ್ದ ಅತ್ತೆ ಹೋಗಿ ಎರಡು ವರ್ಷ ಆಯ್ತು. ಮಕ್ಕಳು ಅಪ್ಪ ಅಂತಾವೆ. ನಾನು ಗಂಡನ ಹೆಸ್ರು ಹೇಳೋ ಹಾಗಿಲ್ಲ. ನಮ್ಮನೇಲಿ ಅವ್ರ ಹೆಸ್ರೇ ಕೇಳ್ತಿಲ್ಲ, ರೈಟರಮ್ಮ. ನೀವು ಬಿಡ್ಬೇಡಿ."

ಅವತ್ತು ಅವರು ಮೆಟ್ಟಿಲ ಮೇಲೆ ಇರುವಾಗಲೇ ನಾವು ಮಂಡಿಯೂರಿದೆವು. ಜಪಮಾಲೆ ಮುಗಿಯಿತು. ಅಮ್ಮ ಈ ಸಲ ಏಳಲಿಲ್ಲ. ಆಮೇಲೆ ಹೆಸರು ಹೇಳಿದರು. ತೀರಿಹೋದವರ ಜೊತೆಯಲ್ಲಿ ಅಲ್ಲ, ವಂದನೆಯಲ್ಲಿ, ಯಾವಾಗಲೂ ಬರುತ್ತಿದ್ದ ಜಾಗದಲ್ಲೇ. ಹೊರಗೆ ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಮುಂದೆ ವರ್ಷಗಟ್ಟಲೆ ಇದೇ ಕ್ರಮ. ಅಪ್ಪ ರಿಟೈರ್ ಆಗಿ ನಾವು ಕಳಸದ ಪೇಟೆಗೆ ಬಂದ ಮೇಲೂ ಆ ಹೆಂಗಸು ಸಂತೆಗೆ ಬಂದ ದಿನ ಸಂಜೆಯವರೆಗೆ ಕಾದು, ಹೆಸರು ಕೇಳಿಸಿಕೊಂಡೇ ಕೊನೆಯ ಜೀಪು ಹತ್ತುತ್ತಿದ್ದರು. ನಾನು ಅಷ್ಟರಲ್ಲಿ ಮಂಡಿಯೂರುವುದನ್ನು ಬಿಟ್ಟಿದ್ದೆ. ಅಮ್ಮ ಒಂದು ಮಾತೂ ಕೇಳಲಿಲ್ಲ.

ಎರಡು ಸಾವಿರದ ಇಸವಿಯ ನಂತರದ ಒಂದು ಮಳೆಗಾಲದಲ್ಲಿ ಅಮ್ಮ ಹೋದರು. ಇಗರ್ಜಿಯ ಹಿಂದೆ ಮಣ್ಣು ಮಾಡಿ, ಜನ ಕರಗಿದ ಮೇಲೆ ನೋಡಿದರೆ ಲೈನ್‌ಮನ್ನರ ಹೆಂಡತಿ ಗೋಡೆಯ ಪಕ್ಕ ಕೊಡೆ ಹಿಡಿದು ನಿಂತಿದ್ದರು. ಕೂದಲು ಬೆಳ್ಳಗಾಗಿತ್ತು. ಹತ್ತಿರ ಬಂದು ನನ್ನ ಕೈ ಹಿಡಿದರು. ಸಮಾಧಾನ ಹೇಳುತ್ತಾರೆ ಎಂದುಕೊಂಡೆ.

"ಇನ್ನು ಯಾರು ಹೇಳ್ತಾರೆ, ಮಗಾ?" ಎಂದರು.

ನನಗೆ ಪ್ರಾರ್ಥನೆ ಬಾಯಿಗೆ ಬರಲಿಲ್ಲ. ಬರೀ ಹೆಸರು ಹೇಳಿದೆ, ಅಮ್ಮ ಹೇಳುತ್ತಿದ್ದ ಹಾಗೆ ಪೂರ್ತಿಯಾಗಿ. ಅವರು ಕಣ್ಣು ಮುಚ್ಚಿ ಕೇಳಿದರು. ಕೈ ಬಿಡಲಿಲ್ಲ.

"ಇನ್ನೊಂದ್ಸಲ ಹೇಳು" ಎಂದರು.