ಹಲಗೆಯಿಲ್ಲದ ಕುಸ್ತಿ

ಬಳ್ಳಾರಿಯಲ್ಲಿ ಅರ್ಜಿ ಬರೆದು ಹೊಟ್ಟೆ ಹೊರೆಯುತ್ತಿದ್ದ ಕಾಲದಲ್ಲಿ ನನ್ನ ಬರಹದ ಮೇಲೆ ನನಗೆ ಎಲ್ಲಿಲ್ಲದ ಜಂಬ. ಅದು ಇಳಿದದ್ದು ಒಂದು ಕುಸ್ತಿಯ ಕಣದಲ್ಲಿ.

ನಮ್ಮ ಓಣಿಯ ಗರಡಿ ಮನೆಯ ಮಾಳಿಗೆ ಕುಸಿದಿತ್ತು. ಅಲ್ಲಿ ಕುಸ್ತಿ ಕಲಿಸುತ್ತಿದ್ದ ಉಸ್ತಾದರು ಸಿರುಗುಪ್ಪದಿಂದ ಒಬ್ಬ, ಕುರುಗೋಡಿನಿಂದ ಒಬ್ಬ ಪೈಲ್ವಾನನನ್ನು ಕರೆಸಿ, ಟಿಕೀಟು ಇಟ್ಟು, ಆ ದುಡ್ಡಿನಲ್ಲಿ ಮಾಳಿಗೆ ಹಾಕಿಸಬೇಕೆಂದಿದ್ದರು. ಆದರೆ ನಾಟಕದಂಥ ತಮಾಷೆಯ ಟಿಕೀಟಿಗೆಲ್ಲ ಸರ್ಕಾರಿ ಕಚೇರಿಯವರು ಸುಂಕ ಕೇಳುತ್ತಿದ್ದರು. ಅದನ್ನು ಕೊಟ್ಟರೆ ಮಾಳಿಗೆಯ ಆಸೆ ಬಿಡಬೇಕಿತ್ತು.

"ಆಚಾರ್ರ, ಹೆಂಗಾರ ಮಾಡಿ ಸುಂಕ ಮಾಫಿ ಮಾಡಿಸ್ರಿ. ಮಳಿಗಾಲ ಬಂದ್ರ ನಮ್ಮ ಹುಡುಗ್ರು ಎಲ್ಲಿ ಸಾಮು ಮಾಡಬೇಕು?" ಎಂದರು ಉಸ್ತಾದರು.

ನಾನು ಬರೆದೆ: ಇದು ತಮಾಷೆಯಲ್ಲ, ಅಂಗಸಾಧನೆ, ಇಲ್ಲಿ ವೇಷವಿಲ್ಲ, ಹಾಡಿಲ್ಲ, ವಾದ್ಯವಿಲ್ಲ. ವಾದ್ಯವಿಲ್ಲವೆಂಬ ಕೊನೆಯ ಮಾತನ್ನು ಯಾರೂ ಬರೆಯೆಂದಿರಲಿಲ್ಲ. ಓದಲು ಚೆಂದವೆಂದು ನಾನೇ ಸೇರಿಸಿದ್ದು! ಸುಂಕದ ಅಧಿಕಾರಿಗಳು, ಕಣ್ಣಾರೆ ನೋಡಿ ತೀರ್ಮಾನಿಸುತ್ತೇನೆ ಎಂದರು.

ಕುಸ್ತಿಯ ದಿನ ಅವರು ನನ್ನ ಅರ್ಜಿ ಹಿಡಿದು ಕಣದ ಮುಂದೆಯೇ ಕುರ್ಚಿ ಹಾಕಿಸಿಕೊಂಡು ಕುಳಿತರು. ಬರೆದ ಮಾತು ಸುಳ್ಳಾಗಬಾರದಲ್ಲ, ಕುಸ್ತಿಗೆ ಹಲಗೆ ಬಾರಿಸಲು ಬಂದವರನ್ನು ನಾನು ಬಾಗಿಲಲ್ಲೇ ತಡೆದು ಕೂರಿಸಿದೆ. ಪೈಲ್ವಾನರು ಕಣಕ್ಕಿಳಿದರು, ಮಣ್ಣು ಮುಟ್ಟಿ ನಮಸ್ಕರಿಸಿದರು, ಸೊಂಟದ ಮೇಲೆ ಕೈಯಿಟ್ಟು ಸುಮ್ಮನೆ ನಿಂತರು.

"ಏನ್ರಲೇ, ಹಿಡೀರಿ!" ಎಂದು ಜನ ಕೂಗಿದರು.

"ಹಲಗಿ ಇಲ್ದ ಹೆಂಗ ಹಿಡಿಯೋದ್ರಿ? ನಾವೇನು ಜಗಳಾಡಾಕ ಬಂದೀವೇನು?" ಎಂದ ಸಿರುಗುಪ್ಪದವನು.

ಜನ ಟಿಕೀಟಿನ ದುಡ್ಡು ವಾಪಸು ಕೇಳತೊಡಗಿದರು. ಉಸ್ತಾದರು ನನ್ನತ್ತ ನೋಡಿದರು. ನಾಚಿಕೆಯಿಂದ ಸತ್ತೇಹೋದೆ ಅನ್ನಿಸಿತು.

ಅಷ್ಟರಲ್ಲಿ ಬೇಸರಗೊಂಡ ಅಧಿಕಾರಿಗಳು ಬೆತ್ತದಿಂದ ಕುರ್ಚಿಯ ಕೈಗೆ ಬಡಿಯತೊಡಗಿದ್ದರು. ಟಕಟಕ, ಟಕಟಕ. ಕುರುಗೋಡಿನವನು ಕಿವಿಗೊಟ್ಟ, ತೊಡೆ ತಟ್ಟಿದ. ಇಬ್ಬರೂ ಹಿಡಿದೇಬಿಟ್ಟರು! ಅಧಿಕಾರಿಗಳಿಗೂ ಹುರುಪು ಬಂತು. ಪಟ್ಟು ಬಿಗಿಯಾದಷ್ಟೂ ಬೆತ್ತ ಜೋರಾಯಿತು, ರುಮಾಲು ಜಾರಿದ್ದೂ ಅವರಿಗೆ ತಿಳಿಯಲಿಲ್ಲ. ಕೊನೆಗೆ ಸಿರುಗುಪ್ಪದವನ ಬೆನ್ನು ನೆಲಕ್ಕೆ ಬಿತ್ತು.

ರುಮಾಲು ಸರಿಮಾಡಿಕೊಂಡು ಅವರು ಅರ್ಜಿ ಬಿಡಿಸಿದರು. "ವಾದ್ಯ ಇಲ್ಲ ಅಂತ ಬರ್ದೀರಲ್ಲ?"

ಉಸ್ತಾದರೇ ಕೈಮುಗಿದು, "ಹಲಗಿಯವ್ರನ್ನ ಹೊರಗ ಕುಂದರ್ಸೀವ್ರಿ ಸಾಹೇಬ್ರ. ಬಾರ್ಸಿದವ್ರು ತಾವ" ಎಂದರು.

ಅಧಿಕಾರಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನ ಚೆಂದದ ಕೊನೆಯ ಮಾತನ್ನು ಹೊಡೆದುಹಾಕಿ, ಕೆಳಗೆ "ಸುಂಕ ಮಾಫಿ" ಎಂದು ಬರೆದು ರುಜು ಹಾಕಿದರು.

ಗೆದ್ದವನ ಮೆರವಣಿಗೆಗೆ ನಾನೇ ಓಡಿಹೋಗಿ ಹಲಗೆಯವರನ್ನು ಒಳಗೆ ಕರೆತಂದೆ.