ಊರಿಗಾಂ ಲೈನಿನ ಚೀಟಿ

ಪಾಠ ಹೇಳುವವನಿಗೆ ಕರಿಹಲಗೆಯಷ್ಟು ಒಳ್ಳೆಯ ಶ್ರೋತೃ ಇನ್ನೊಬ್ಬರಿಲ್ಲ. ಬರೆದದ್ದನ್ನೆಲ್ಲ ಒಪ್ಪಿಕೊಳ್ಳುತ್ತದೆ, ತಿರುಗಿ ಕೇಳುವುದಿಲ್ಲ. ಬಂಗಾರಪೇಟೆಯ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಕಲಿಸುವ ನಾನು ಪ್ರತಿವರ್ಷ ‘ಹಣಕಾಸು ಮಾರುಕಟ್ಟೆ ಮತ್ತು ಸಂಸ್ಥೆಗಳು: ಪರಿಚಯ’ ಎಂಬ ಮೊದಲ ಅಧ್ಯಾಯವನ್ನು ಅದರ ಮೇಲೆ ದಪ್ಪಕ್ಷರದಲ್ಲಿ ಬರೆದು, ಉಳಿಸಿದವರ ಹಣವನ್ನು ಬೇಕಾದವರಿಗೆ ಬೇಕಾದ ಹೊತ್ತಿನಲ್ಲಿ ತಲುಪಿಸುವುದೇ ಸಂಸ್ಥೆಯ ಧರ್ಮ ಎಂದು ಸಾರುತ್ತೇನೆ. ಷೇರುಪೇಟೆಯ ಏರಿಳಿತವನ್ನು ಕೈಬೀಸಿ ವರ್ಣಿಸುವ ಈ ಪಂಡಿತನ ಬಳಿ ಒಂದೂ ಷೇರಿಲ್ಲವೆಂಬುದು ನನ್ನ ಹೆಂಡತಿಗೆ ಗೊತ್ತು, ಈಗ ನಿಮಗೂ ಗೊತ್ತಾಯಿತು.

ನಮ್ಮ ಕಾಲೇಜಿನ ಕ್ಯಾಂಟೀನು ನಡೆಸುವ ಸೆಲ್ವಿಯಮ್ಮನವರ ಮನೆ ಊರಿಗಾಂನ ಹಳೆಯ ಚಿನ್ನದ ಗಣಿ ಕಾರ್ಮಿಕರ ಸಾಲುಮನೆಗಳ ಲೈನಿನಲ್ಲಿ. ಒಮ್ಮೆ ಅವರು, “ಸಾರ್, ನೀವು ಬ್ಯಾಂಕ್ ಪಾಠ ಮಾಡ್ತೀರಂತೆ. ನಮ್ ಲೈನ್ ಚೀಟಿನೂ ಒಂದ್ಸಲ ಬಂದು ನೋಡಿ” ಎಂದು ಹೆಮ್ಮೆಯಿಂದ ಕರೆದರು. ಹೋದೆ. ಇಪ್ಪತ್ತು ಹೆಂಗಸರು ತಿಂಗಳಿಗೊಮ್ಮೆ ಸೇರಿ ಹಣ ಹಾಕುತ್ತಾರೆ. ಸೇರಿದ ಮೊತ್ತದಲ್ಲಿ ಹೆಚ್ಚು ಬಿಟ್ಟುಕೊಡಲು ಒಪ್ಪಿ ಹರಾಜು ಕೂಗಿದವರಿಗೆ ಆ ತಿಂಗಳ ಚೀಟಿ. ಆದರೆ ಅಂದು ಯಾರೂ ಕೂಗಲಿಲ್ಲ. ಮುನಿಯಮ್ಮ ಎಂಬಾಕೆ ಎಲ್ಲರಿಗೂ ಟೀ ಮಾಡಿ ಕೊಟ್ಟಳು, ಚೀಟಿ ಸುಮ್ಮನೆ ಅವಳ ಪಾಲಾಯಿತು. ನಿಜವಾದ ಕಷ್ಟದಲ್ಲಿರುವವಳು ಅಲ್ಲಿ ಬಾಯಿಬಿಟ್ಟು ಕೇಳುವುದಿಲ್ಲವಂತೆ. ಆ ದಿನದ ಟೀ ತಾನೇ ಮಾಡುತ್ತಾಳೆ. ಟೀ ಮಾಡಿದವಳ ಎದುರು ಯಾರೂ ಕೂಗುವುದಿಲ್ಲ.

ನೋಡಿ, ಅಲ್ಲಿಗೆ ಸುಮ್ಮನೆ ಟೀ ಕುಡಿದು ಎದ್ದು ಬರಬೇಕಿತ್ತು. ನನ್ನೊಳಗಿನ ಮೇಷ್ಟ್ರು ಬಿಡಲಿಲ್ಲ. ನೋಂದಣಿ ಇಲ್ಲ, ಹರಾಜಿನಲ್ಲಿ ಸ್ಪರ್ಧೆ ಇಲ್ಲ, ಯಾರಾದರೂ ಹಣ ಎತ್ತಿಕೊಂಡು ಪರಾರಿಯಾದರೆ ಹೊಣೆ ಯಾರು ಎಂದು ಮುಕ್ಕಾಲು ಗಂಟೆ ಕೊರೆದೆ. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅದೇ ನನ್ನ ಅಹಂಕಾರಕ್ಕೆ ಇನ್ನಷ್ಟು ಕೊಬ್ಬು ಸೇರಿಸಿತು. ಓದಿದವರ ಮಾತಿಗೆ ಹೆದರಿದ ಹೆಂಗಸರು ಆ ಸುತ್ತು ಮುಗಿದ ಮೇಲೆ ಚೀಟಿ ನಿಲ್ಲಿಸಿ, ಬ್ಯಾಂಕಿನಲ್ಲಿ ಒಬ್ಬೊಬ್ಬರೂ ತಿಂಗಳ ಕಂತಿನ ಠೇವಣಿ ತೆರೆದರು. ಅರ್ಜಿಗಳನ್ನು ತುಂಬಿಕೊಟ್ಟವನು ನಾನೇ. ಸ್ಟಾಫ್ ರೂಮಿನಲ್ಲಿ ವಾರಗಟ್ಟಲೆ ಅದನ್ನು ಹೇಳಿಕೊಂಡು ತಿರುಗಿದೆ.

ಮರುವರ್ಷ ಸೆಲ್ವಿಯಮ್ಮನ ಮಗಳು ಕವಿತಾಳಿಗೆ ಕೋಲಾರದಲ್ಲಿ ನರ್ಸಿಂಗ್ ಸೀಟು ಸಿಕ್ಕಿತು. ನಾಲ್ಕು ದಿನದಲ್ಲಿ ಮುಂಗಡ ಕಟ್ಟಬೇಕು. ಠೇವಣಿಯಲ್ಲಿದ್ದದ್ದು ಅವರೊಬ್ಬರದೇ ಎಂಟು ತಿಂಗಳ ಕಂತು. ಪ್ರವೇಶಪತ್ರ ತಂದರೆ ಸಾಲದ ಮಾತು ಎಂದಿತು ಬ್ಯಾಂಕು, ಮುಂಗಡ ಕಟ್ಟಿದರೆ ಪ್ರವೇಶಪತ್ರ ಎಂದಿತು ನರ್ಸಿಂಗ್ ಕಾಲೇಜು. ಐದನೆಯ ದಿನ ಸೀಟು ಬೇರೆಯವರಿಗೆ ಹೋಯಿತು. ನೀವೇಕೆ ಕೊಡಲಿಲ್ಲ ಎಂದು ಕೇಳುತ್ತೀರಿ, ನ್ಯಾಯವೇ. ಆ ನಾಲ್ಕೂ ದಿನ ಸೆಲ್ವಿಯಮ್ಮ ಕ್ಯಾಂಟೀನಿನಲ್ಲಿ ನನಗೆ ಎಂದಿನಂತೆ ಕಾಫಿ ಕೊಟ್ಟರು, ನಾನು ಎಂದಿನಂತೆ ಸಕ್ಕರೆ ಹೆಚ್ಚಾಯಿತೆಂದು ದೂರಿದೆ. ವಿಷಯ ತಿಳಿದದ್ದು ತಿಂಗಳಾದ ಮೇಲೆ. ಕವಿತಾ ಈಗ ಬೆಳಗಿನ ರೈಲಿನಲ್ಲಿ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಸ್ಟೇಷನ್ನಿನಲ್ಲಿ ಕಂಡಾಗ “ನಮಸ್ತೆ ಸಾರ್” ಅನ್ನುತ್ತಾಳೆ. ಅವಳು ನೋಡದ ಹಾಗೆ ಹೋಗಿದ್ದರೆ ನನಗೆ ಹಗುರವಾಗುತ್ತಿತ್ತು.

ಲೈನಿನಲ್ಲಿ ಮತ್ತೆ ಚೀಟಿ ಶುರುವಾಗಿದೆ ಎಂದು ಕೇಳಿ ಮೊನ್ನೆ ಭಾನುವಾರ ಹೋದೆ. ಕವಿತಾ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಅವಳೆದುರೇ ತಪ್ಪೊಪ್ಪಿಕೊಂಡು, ನನ್ನನ್ನೂ ಚೀಟಿಗೆ ಸೇರಿಸಿಕೊಳ್ಳಿ, ಬರುವ ವರ್ಷ ನನ್ನ ಪಾಲಿನ ಚೀಟಿ ಕವಿತಾಳ ಓದಿಗೇ ಇರಲಿ ಎಂದೆ.

ಸೆಲ್ವಿಯಮ್ಮ ಮಗಳತ್ತ ಒಮ್ಮೆ ನೋಡಿ ಹೇಳಿದರು: “ಬ್ಯಾಡ ಸಾರ್, ಬೇಜಾರ್ ಮಾಡ್ಕೋಬ್ಯಾಡಿ. ಇಲ್ಲಿ ಒಬ್ರ ಕಷ್ಟ ಇನ್ನೊಬ್ರಿಗೆ ಏಳ್ದೇನೇ ಗೊತ್ತಾಗ್ಬೇಕು. ನಾನು ನಾಲ್ಕ್ ದಿನ ನಿಮ್ ಮುಂದೇನೇ ಓಡಾಡ್ದೆ. ನಿಮ್ಗೆ ಗೊತ್ತಾಗ್ಲಿಲ್ಲ.”

ಕವಿತಾ ತಲೆಯೆತ್ತದೆ ಅಕ್ಕಿ ಆರಿಸುತ್ತಲೇ ಇದ್ದಳು.