ನಡುವೆ ರಸ್ತೆಯಿಲ್ಲದ ಗೆರೆ

ಬಸ್ ತಪ್ಪಿದ್ದರಿಂದ ಗಣಿತದ ಪರೀಕ್ಷೆಗೆ ಜೋಯಿಡಾದಿಂದ ದಾಂಡೇಲಿಗೆ ಬಿದಿರಿನ ಲಾರಿ ಹತ್ತಿದ್ದೆ. ಒಂದನ್ನು ಎಕ್ಸ್‌ನಿಂದ ಭಾಗಿಸಿದರೆ ಬರುವ ಗ್ರಾಫನ್ನು ತೊಡೆಯ ಮೇಲಿನ ಹಾಳೆಯಲ್ಲಿ ಬಿಡಿಸುತ್ತಿದ್ದೆ.

ಡ್ರೈವರ್ ಚಾಚಾ ಓರೆಗಣ್ಣಲ್ಲಿ ನೋಡಿದರು. "ಏನ್ ತಮ್ಮಾ, ಘಾಟ್ ರಸ್ತೆ ಏನು?"

"ಹಂಗ ಅನ್ರಿ ಚಾಚಾ. ಏರೋ ಇಳಿಯೋ ಅಂತ ಹೇಳೂ ಡೆರಿವೇಟಿವ್ ಎಲ್ಲಾ ಕಡೆ ಮೈನಸ್ ಐತಿ. ಅಂದ್ರ ಎಡದಿಂದ ಬಲಕ್ಕ ಬರೇ ಇಳಿಜಾರು."

"ಎಡಕ್ಕ ಗೆರೆ ಕೆಳಗೈತಿ, ಬಲಕ್ಕ ಮ್ಯಾಲೈತಿ. ಬರೇ ಇಳ್ಕೋಂತ ಹೋದದ್ದು ಮ್ಯಾಲೆ ಹೆಂಗ ಬಂತು?"

"ನಡುವ, ಸೊನ್ನೆ ಇರೂ ಕಡೆ, ರಸ್ತೆನ ಇಲ್ರಿ."

"ಮತ್ತ ದಾಟಿದ್ದು ಹೆಂಗ?"

ದಾಂಡೇಲಿ ಬಂತು, ಹಾಳೆ ಮಡಚಿಕೊಂಡು ಇಳಿದೆ. ಪರೀಕ್ಷೆಯಲ್ಲಿ ಅದೇ ಗ್ರಾಫ್ ಬಂತು. ಎಡದ ಗೆರೆ ಮುಗಿಸಿ ಪೆನ್ಸಿಲ್ ಎತ್ತಿದವನು, ಬಲಕ್ಕೆ ಇಡುವ ಮುಂಚೆ, ಚಾಚಾ ನೋಡುತ್ತಿಲ್ಲ ತಾನೇ ಎಂದು ಒಮ್ಮೆ ಕಿಟಕಿಯತ್ತ ತಿರುಗಿದೆ.